ಪಾಕವಿಲ್ಲದ ಮಿಠಾಯಿ: ಸಂಪಗಾಂವ ಸೀಮೆಯಲ್ಲಿ ಶೇಂಗಾ ಚಾಕೊಲೇಟ್

ಹುರಿದ ಶೇಂಗಾವನ್ನು ಕರಗಿದ ಚಾಕೊಲೇಟಿನಲ್ಲಿ ಕಲಸಿ, ಚಮಚದಿಂದ ಗುಪ್ಪೆ ಗುಪ್ಪೆಯಾಗಿ ಇಟ್ಟು ಆರಿಸಿದರೆ ಶೇಂಗಾ ಚಾಕೊಲೇಟ್ ಆಯಿತು. ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಹತ್ತಿರವಾದಾಗ ಇದನ್ನು ಸ್ಲೋ ಕುಕರಿನಲ್ಲಿ ರಾಶಿಗಟ್ಟಲೆ ಮಾಡಿ ನೆರೆಹೊರೆಗೆ ಹಂಚುವ ರೂಢಿ ಇದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಇದಕ್ಕೆ ಬೇಕಾದ ಅರ್ಧ ಸಾಮಾನು ಹೊಲದಲ್ಲೇ ಬೆಳೆಯುತ್ತದೆ. ಉಳಿದರ್ಧ ನಮ್ಮದೇ ರಾಜ್ಯದ ಪುತ್ತೂರಿನಿಂದ ಬರಬಲ್ಲದು. ಹೊಸದಾಗಿ ಕಲಿಯಬೇಕಾದದ್ದು ಒಂದೇ, ಬಿಸಿಯ ಲೆಕ್ಕ. ಅದು ಉಂಡಿ ಕಟ್ಟುವ ಕೈಗೆ ರೂಢಿಯಾದ ಲೆಕ್ಕಕ್ಕಿಂತ ತೀರ ಬೇರೆ.

ಪಾಕದ ಸೀಮೆ

ಬ್ರಿಟಿಷರ ಕಾಲದಲ್ಲಿ ಸಂಪಗಾಂವ ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕು. ಕಚೇರಿ ಮಾತ್ರ ಬೈಲಹೊಂಗಲದಲ್ಲಿತ್ತು. ಇಂದು ಸಂಪಗಾಂವ ಬೈಲಹೊಂಗಲ ತಾಲ್ಲೂಕಿನ ಒಂದು ಊರು. ಮಲಪ್ರಭೆಯ ಈ ಸೀಮೆಯಲ್ಲಿ ಸಿಹಿ ಎಂದರೆ ಬೆಲ್ಲ, ಬೆಲ್ಲ ಎಂದರೆ ಪಾಕ. ನಾಗರ ಪಂಚಮಿ ಬಂತೆಂದರೆ ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟಿನುಂಡಿ, ಬುಂದೆ ಉಂಡಿ ಡಬ್ಬಿ ತುಂಬಬೇಕು. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೋದವರು ಬೆಂಡು ಬತ್ತಾಸು ಕಟ್ಟಿಸಿಕೊಳ್ಳದೆ ಬರುವುದಿಲ್ಲ. ರಾಮದುರ್ಗದಿಂದ ಗೋಕಾಕಿಗೆ ಹೋದರೆ ಅಲ್ಲಿ ಅಂಟು, ಒಣಕೊಬ್ಬರಿ, ಬೆಲ್ಲದ ಕರದಂಟು.

ಇವೆಲ್ಲದರ ಜೀವ ಪಾಕದ ಹದದಲ್ಲಿದೆ. ಉಂಡಿಗೆ ಎಳೆಯ ಪಾಕ ಸಾಕು. ನೀರಿಗೆ ಬಿಟ್ಟರೆ ಮೆತ್ತಗಿನ ಗುಳಿಗೆ ಆಗಬೇಕು, ಅಂದರೆ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್. ಚಿಕ್ಕಿಗೆ ಏರು ಪಾಕ ಬೇಕು. ತಣ್ಣೀರಿಗೆ ಬಿಟ್ಟ ಹನಿಯನ್ನು ತಟ್ಟೆಗೆ ಎಸೆದರೆ ಟಣ್ ಎನ್ನಬೇಕು, ಅದು 146 ಡಿಗ್ರಿ ದಾಟಿದ ಹದ. ಬಿಸಿ ಏರಿದಂತೆಲ್ಲ ನೀರು ಹೋಗುತ್ತದೆ, ನೀರು ಹೋದಂತೆಲ್ಲ ಮಿಠಾಯಿ ಗಟ್ಟಿಯಾಗುತ್ತದೆ. ಬೆಳಗಾವಿಯ ಕುಂದಾ ಇನ್ನೊಂದು ದಾರಿಯದು. ಹಾಲನ್ನು ತಾಸುಗಟ್ಟಲೆ ಕಾಯಿಸಿ ಕೆದಕಿ, ಹಾಲಿನ ಸಕ್ಕರೆ ಮತ್ತು ಪ್ರೋಟೀನು ಒಂದರೊಡನೊಂದು ಬೆರೆತು ಕಂದು ಬಣ್ಣ ತಿರುಗುವವರೆಗೆ ಬೆಂಕಿ ಬಿಡುವಂತಿಲ್ಲ. ಅಲ್ಲೂ ಬೆಂಕಿಯೇ ಅಡುಗೆಯವ.

ಚಾಕೊಲೇಟಿಗೆ ಪಾಕವಿಲ್ಲ. ಅದರ ಬೇಯುವ ಕೆಲಸವೆಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಕೋಕೋ ಬೀಜ ಹುಳಿಬಂದು, ಒಣಗಿ, ಹುರಿದು, ಅರೆದು, ಸಕ್ಕರೆ ಸೇರಿ ಗಟ್ಟಿಯಾಗಿ ನಮ್ಮ ಕೈಗೆ ಬರುತ್ತದೆ. ಮನೆಯಲ್ಲಿ ಉಳಿದಿರುವುದು ಅದನ್ನು ಕರಗಿಸುವುದಷ್ಟೇ, ಅದೂ 45ರಿಂದ 50 ಡಿಗ್ರಿಯೊಳಗೆ. ಬಿಸಿ ಇದಕ್ಕಿಂತ ಬಹಳ ಮೇಲೇರಿದರೆ ಹಾಲಿನ ಚಾಕೊಲೇಟ್ ಮರಳುಮರಳಾಗುತ್ತದೆ, ತಳ ಹತ್ತುತ್ತದೆ, ಕಹಿ ಆಗುತ್ತದೆ. ಉಂಡಿ ಮಾಡುವಲ್ಲಿ ಪಳಗಿದ ಕೈಗೆ ಇದೇ ಕಷ್ಟ. ಒಲೆ ಹಚ್ಚಿದ ಮೇಲೆ ಒಂದು ಕುದಿ ಬರಲಿ ಎಂದು ಕಾಯುವುದು ಆ ಕೈಯ ರೂಢಿ. ಇಲ್ಲಿ ಕುದಿ ಬಂದರೆ ಮುಗಿಯಿತು.

ಸ್ಲೋ ಕುಕರ್

ನಮ್ಮಲ್ಲಿ ಕುಕರ್ ಎಂದರೆ ಸೀಟಿ ಹೊಡೆಯುವ ಪ್ರೆಷರ್ ಕುಕರ್. ಸ್ಲೋ ಕುಕರ್ ಅದರ ತದ್ವಿರುದ್ಧ. ದಪ್ಪ ಪಿಂಗಾಣಿಯ ಒಳಪಾತ್ರೆ, ಅದರ ಸುತ್ತ ಸಣ್ಣ ವಿದ್ಯುತ್ ತಂತಿ, ಮೇಲೆ ಗಾಜಿನ ಮುಚ್ಚಳ. ಒತ್ತಡವಿಲ್ಲ, ಸೀಟಿಯಿಲ್ಲ. ಇದನ್ನು ರೂಪಿಸಿದವನು ಅಮೆರಿಕದ ಇರ್ವಿಂಗ್ ನ್ಯಾಕ್ಸನ್, ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಲಿಥುವೇನಿಯಾದ ಯಹೂದಿ ಮನೆಗಳಲ್ಲಿ ಸಬ್ಬತ್ತಿನ ಹಿಂದಿನ ಸಂಜೆ ಕಾಳಿನ ಗಡಿಗೆಯನ್ನು ಬೇಕರಿಯ ಆರುವ ಒಲೆಯಲ್ಲಿಟ್ಟು ಮರುದಿನ ತೆಗೆಯುತ್ತಿದ್ದರಂತೆ. ತಾಯಿಯಿಂದ ಕೇಳಿದ ಆ ಕತೆಯೇ ಅವನಿಗೆ ಪ್ರೇರಣೆ. ರೈವಲ್ ಎಂಬ ಕಂಪನಿ ಅವನ ಉದ್ಯಮವನ್ನು ಕೊಂಡು 1971ರಲ್ಲಿ ‘ಕ್ರಾಕ್-ಪಾಟ್’ ಹೆಸರಿನಲ್ಲಿ ಮಾರಿತು. ದುಡಿಯಲು ಹೊರಗೆ ಹೋಗುವ ಹೆಣ್ಣುಮಕ್ಕಳು ಬೆಳಿಗ್ಗೆ ಹಚ್ಚಿಟ್ಟು ಸಂಜೆ ಊಟಕ್ಕೆ ತೆಗೆಯುವ ಪಾತ್ರೆಯಾಗಿ ಅದು ಹೆಸರಾಯಿತು. ಕುಳ್ಳಿನ ಕೆಂಡದ ಮೇಲೆ ಇಡೀ ದಿನ ಹಾಲಿನ ಗಡಿಗೆ ಇಟ್ಟು ಕೆಂಪು ಕೆನೆ ಬರಿಸಿದವರಿಗೆ ಈ ಬುದ್ಧಿ ಹೊಸದೇನಲ್ಲ.

ಒಂದು ತಪ್ಪು ತಿಳಿವಳಿಕೆ ಮಾತ್ರ ತಿದ್ದಿಕೊಳ್ಳಬೇಕು. ‘ಲೋ’ ಎಂದು ಇಟ್ಟರೆ ಬಿಸಿ ಕೊನೆಯವರೆಗೂ ಕಡಿಮೆಯೇ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬಹುಪಾಲು ಸ್ಲೋ ಕುಕರುಗಳು ‘ಲೋ’ದಲ್ಲಿಟ್ಟರೂ ‘ಹೈ’ದಲ್ಲಿಟ್ಟರೂ ಕೊನೆಗೆ ಕುದಿಯ ಅಂಚಿಗೇ ಮುಟ್ಟುತ್ತವೆ. ‘ಲೋ’ದಲ್ಲಿ ಮುಟ್ಟಲು ಹೆಚ್ಚು ತಾಸು ಹಿಡಿಯುತ್ತದೆ, ಅಷ್ಟೇ. ಚಾಕೊಲೇಟಿಗೆ ಬೇಕಾದದ್ದು ಆ ಏರುವ ದಾರಿಯ ಮೊದಲ ತುಂಡು ಮಾತ್ರ. ಹಚ್ಚಿಟ್ಟು ಹೊಲಕ್ಕೆ ಹೋಗಿ ಬರುವ ಅಡುಗೆ ಇದಲ್ಲ.

ವಿದ್ಯುತ್ ಖರ್ಚು ಹೆದರುವಷ್ಟಿಲ್ಲ. ಮೂರು ಮೂರೂವರೆ ಲೀಟರಿನ ಪಾತ್ರೆ ಸುಮಾರು 200 ವ್ಯಾಟ್ ಎಳೆಯುತ್ತದೆ. ಒಂದೂವರೆ ತಾಸಿಗೆ ಮೂರರಲ್ಲೊಂದು ಯುನಿಟ್ಟೂ ಆಗದು. ನಡುವೆ ಕರೆಂಟು ಹೋದರೂ ಗಾಬರಿ ಬೇಡ. ದಪ್ಪ ಪಿಂಗಾಣಿ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ.

ಸ್ಲೋ ಕುಕರ್ ಇಲ್ಲದವರು ಅದಕ್ಕೆಂದೇ ಕೊಳ್ಳಬೇಕಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಬೋಗುಣಿಯಲ್ಲಿ ಎರಡು ಬೆರಳು ನೀರು ಕಾಯಿಸಿ, ಒಲೆ ಆರಿಸಿ, ಮೇಲೆ ಅದರ ಬಾಯಿ ಪೂರ್ತಿ ಮುಚ್ಚುವಂಥ ದೊಡ್ಡ ಸ್ಟೀಲ್ ಬಟ್ಟಲಿಟ್ಟು ಕರಗಿಸಿದರೂ ಆಗುತ್ತದೆ. ಬಾಯಿ ಪೂರ್ತಿ ಮುಚ್ಚದಿದ್ದರೆ ಉಗಿ ಬಟ್ಟಲಿಗೆ ನುಗ್ಗುತ್ತದೆ. ಅನ್ನದ ಎಲೆಕ್ಟ್ರಿಕ್ ಕುಕರಿನ ‘ವಾರ್ಮ್’ ಕೂಡ ನಡೆಯುತ್ತದೆ, ಅದು ಸಾಮಾನ್ಯವಾಗಿ 60–70 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಕೈಯಾಡಿಸುತ್ತಲೇ ಇರಬೇಕು. ಅದರ ‘ಕುಕ್’ ಗುಂಡಿಯನ್ನು ಮಾತ್ರ ಒತ್ತಬಾರದು. ಆ ಯಂತ್ರ ನೀರು ಇಂಗಿ ತಳದ ಬಿಸಿ 100 ಡಿಗ್ರಿ ದಾಟಿದಾಗ ತಾನಾಗಿ ನಿಲ್ಲುವಂತೆ ಮಾಡಿದ್ದು. ಚಾಕೊಲೇಟಿನಲ್ಲಿ ಇಂಗಲು ನೀರೇ ಇಲ್ಲ, ನಿಲ್ಲುವ ಹೊತ್ತಿಗೆ ತಳ ಹೊತ್ತಿರುತ್ತದೆ.

ಗಟ್ಟಿ: ಅಸಲು ಮತ್ತು ಕಾಂಪೌಂಡ್

ಪೇಟೆಯಲ್ಲಿ ಎರಡು ಬಗೆಯ ಗಟ್ಟಿ ಸಿಗುತ್ತವೆ. ಒಂದರಲ್ಲಿ ಕೋಕೋ ಬೆಣ್ಣೆ, ಇನ್ನೊಂದರಲ್ಲಿ ಅದರ ಬದಲು ತಾಳೆಬೀಜದ ಎಣ್ಣೆಯಂಥ ವನಸ್ಪತಿ ಕೊಬ್ಬು. ಎರಡನೆಯದಕ್ಕೆ ಕಾಂಪೌಂಡ್ ಎನ್ನುತ್ತಾರೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಅರ್ಧ ಕಿಲೋ ಗಟ್ಟಿಯಾಗಿ ಸಿಗುವುದು ಹೆಚ್ಚಾಗಿ ಇದೇ. ಲಕೋಟೆಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಪದಾರ್ಥಗಳ ಸಾಲು ಓದಿದರೆ ಯಾವುದೆಂದು ತಿಳಿಯುತ್ತದೆ.

ಕೋಕೋ ಬೆಣ್ಣೆ ಹಠಮಾರಿ. ಅದು ಆರು ಬಗೆಯ ಹರಳಾಗಿ ಕಟ್ಟಬಲ್ಲದು. ಅದರಲ್ಲಿ ಐದನೆಯ ಬಗೆಗೆ ಮಾತ್ರ ಹೊಳಪು, ಮುರಿದಾಗ ಚಟ್ ಎನ್ನುವ ಗುಣ, ಸುಮಾರು 34 ಡಿಗ್ರಿಯಲ್ಲಿ ನಾಲಗೆಯ ಮೇಲೆ ಕರಗುವ ಸುಖ. ಸುಮ್ಮನೆ ಕರಗಿಸಿ ಆರಿಸಿದರೆ ಹರಳುಗಳು ಅಡ್ಡಾದಿಡ್ಡಿ ಕಟ್ಟಿ, ಕೆಲ ದಿನಗಳಲ್ಲಿ ಮೇಲೆ ಬೂದುಬಿಳಿ ಪೊರೆ ಬರುತ್ತದೆ. ಅದು ಬೂಷ್ಟಲ್ಲ, ಮೇಲೆದ್ದ ಕೊಬ್ಬು. ತಿನ್ನಲು ಅಡ್ಡಿಯಿಲ್ಲ, ನೋಡಲು ಚೆಂದವಿಲ್ಲ. ಇದನ್ನು ತಪ್ಪಿಸಲು ಕಪ್ಪು ಚಾಕೊಲೇಟನ್ನು 45–50 ಡಿಗ್ರಿಗೆ ಕರಗಿಸಿ, ಕೈಯಾಡಿಸುತ್ತ 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಬೇಕು. ಇದು ಟೆಂಪರಿಂಗ್. ಸ್ಲೋ ಕುಕರಿನಲ್ಲಿ ಇದು ಆಗದ ಮಾತು, ಅದಕ್ಕೆ ಏರಿಸುವುದಷ್ಟೇ ಗೊತ್ತು, ಇಳಿಸುವುದು ಗೊತ್ತಿಲ್ಲ.

ಕಾಂಪೌಂಡಿಗೆ ಈ ರಗಳೆಯೇ ಇಲ್ಲ. ಕರಗಿಸಿ ಹೊಯ್ದರೆ ಹೊಳಪಾಗಿಯೇ ಕೂರುತ್ತದೆ. ರುಚಿಯಲ್ಲಿ ಒಂದು ಕೈ ಕಡಿಮೆ, ಬಾಯಲ್ಲಿ ಸ್ವಲ್ಪ ಜಿಡ್ಡು ಉಳಿಯುತ್ತದೆ. ಆದರೂ ನಮ್ಮ ಬಿಸಿಲಿಗೆ, ನಮ್ಮ ಕೆಲಸಕ್ಕೆ ಅದೇ ಸರಿ. ಮಡಿಕೇರಿಗೆ ಹೋದವರು ‘ಹೋಮ್ ಮೇಡ್’ ಎಂದು ಡಬ್ಬಿ ಡಬ್ಬಿ ತರುವ ಚಾಕೊಲೇಟಿನಲ್ಲೂ ಮನೆಯ ಕೆಲಸವೆಂದರೆ ಹೀಗೆ ಗಟ್ಟಿ ಕರಗಿಸಿ ಹೊಯ್ಯುವುದೇ. ಕಾಂಪೌಂಡ್ ಎಂದರೆ ಮೂಗು ಮುರಿಯುವವರು ಅರ್ಧ ಕಾಂಪೌಂಡ್, ಅರ್ಧ ಅಸಲು ಕಪ್ಪು ಚಾಕೊಲೇಟ್ ಬೆರೆಸುವುದುಂಟು. ಎರಡು ಕೊಬ್ಬೂ ಒಂದಕ್ಕೊಂದು ಒಗ್ಗದೆ ಬೇಗ ಮೆತ್ತಗಾಗಿ ಪೊರೆ ಕಟ್ಟುತ್ತವೆ. ಯಾವುದಾದರೂ ಒಂದನ್ನೇ ಹಿಡಿಯುವುದು ಒಳ್ಳೆಯದು.

ಪುತ್ತೂರಿನ ಕೋಕೋ

ಕೋಕೋ ಮರಕ್ಕೆ ನೆರಳು, ತೇವ, ಮಳೆ ಬೇಕು. ಮಲಪ್ರಭೆಯ ಕರಿಮಣ್ಣಿನ ಬಯಲು ಅದರ ನೆಲವಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡಿಕೆ, ತೆಂಗಿನ ತೋಟಗಳಲ್ಲಿ ಅದು ನಡುಬೆಳೆಯಾಗಿ 1960–70ರ ದಶಕಗಳಲ್ಲಿ ಹಬ್ಬಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಧಾರಣೆ ಬಿದ್ದು ಕೊಳ್ಳುವವರಿಲ್ಲದಂತಾದಾಗ, 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹಸಿ ಕೋಕೋ ಕೊಳ್ಳಲು ಮುಂದೆ ಬಂತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ವಾರಣಾಶಿ ಸುಬ್ರಾಯ ಭಟ್ಟರು ಸಂಸ್ಥೆಯ ಸ್ಥಾಪಕ ಅಧ್ಯಕ್ಷರು. ಹತ್ತಿರದ ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಕೋಕೋ ತಳಿಗಳ ಕೆಲಸ ನಡೆಯುತ್ತದೆ.

ಬೈಲಹೊಂಗಲದ ಓದುಗರಿಗೆ ಈ ಕತೆ ಹೊಸತೆನಿಸದು. ಬೆಳೆದವರೇ ಸೇರಿ ಕಾರ್ಖಾನೆ ಕಟ್ಟುವುದನ್ನು ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಈ ಸೀಮೆ ಕಂಡಿದೆ. ಕೋಕೋ ಧಾರಣೆಯ ಏರಿಳಿತ ಮಾತ್ರ ಕಬ್ಬಿನದಕ್ಕಿಂತ ಒರಟು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾಗಳಲ್ಲಿ ಬೆಳೆ ಕೈಕೊಟ್ಟು, 2024ರಲ್ಲಿ ಲೋಕದ ಪೇಟೆಯಲ್ಲಿ ಟನ್ ಕೋಕೋ 10,000 ಡಾಲರ್ ದಾಟಿತ್ತು.

ಶೇಂಗಾ

ಮುಂಗಾರಿಗೆ ಬಿತ್ತಿದ ಶೇಂಗಾ ನೂರು ನೂರಹತ್ತು ದಿನಕ್ಕೆ ಕೀಳಲು ಬರುತ್ತದೆ. ದಸರೆ ದೀಪಾವಳಿ ಹೊತ್ತಿಗೆ ಹೊಸ ಶೇಂಗಾ ಮನೆಯಲ್ಲಿರುತ್ತದೆ. ಸೋಯಾಬೀನ್, ಗೋವಿನಜೋಳ, ಕಬ್ಬು ಬಂದ ಮೇಲೆ ಅದಕ್ಕೆ ಬಿಡುವ ನೆಲ ಕಡಿಮೆಯಾಗಿದ್ದರೂ ಮನೆಬಳಕೆಗೆ ಒಂದೆರಡು ಪಟ್ಟಿ ಹಾಕುವವರು ಇದ್ದಾರೆ. ಟಿಎಂವಿ-2, ಜೆಎಲ್-24 ಹಳೆಯ ಪರಿಚಿತ ತಳಿಗಳು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತುಕ್ಕು ಮತ್ತು ಎಲೆಚುಕ್ಕೆ ರೋಗ ತಡೆಯುವ ತಳಿ. ಮಿಠಾಯಿಗೆ ತಳಿಗಿಂತ ಕಾಳಿನ ಆಯ್ಕೆ ಮುಖ್ಯ.

ಮೊರದಲ್ಲಿ ಹರವಿಕೊಂಡು ಸುಕ್ಕಿದ್ದು, ಕಪ್ಪಾದದ್ದು, ಹಸಿರುಹಳದಿ ಬೂಷ್ಟು ತಗುಲಿದ್ದು ಎಲ್ಲ ತೆಗೆದುಹಾಕಬೇಕು. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಹುರಿದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆ ಬಿಡಬೇಕು.

ಹುರಿಯುವುದು ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ. ಸಿಪ್ಪೆ ಉಜ್ಜಿದರೆ ಬಿಡುವಂತಾಗಬೇಕು, ಒಳಗಿನ ಬ್ಯಾಳಿ ತಿಳಿ ಕಂದಾಗಬೇಕು. ಶೇಂಗಾ ಹೋಳಿಗೆಗೆ ಹುರಿದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಹುರಿದರೆ ಒಳ್ಳೆಯದು, ಚಾಕೊಲೇಟಿನ ಸಿಹಿಗೆ ಆ ಕಮರು ವಾಸನೆ ಎದುರು ನಿಲ್ಲುತ್ತದೆ. ಪೂರ್ತಿ ಆರಿದ ಮೇಲೆ ಉಜ್ಜಿ, ಕೇರಿ, ಎರಡು ಬ್ಯಾಳಿಯಾದರೆ ಸಾಕು. ಒರಳಿಗೆ ಹಾಕಬಾರದು. ಪುಡಿಯಾದರೆ ಎಣ್ಣೆ ಬಿಟ್ಟು ಚಾಕೊಲೇಟನ್ನು ಮೆತ್ತಗೆ ಮಾಡುತ್ತದೆ. ಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ.

ಮಾಡುವ ಬಗೆ

ಮೂರೂವರೆ ಲೀಟರಿನ ಪಾತ್ರೆಗೆ ಅರ್ಧ ಕಿಲೋ ಹುರಿದ ಶೇಂಗಾ, 600 ಗ್ರಾಂ ಚಾಕೊಲೇಟ್ ಗಟ್ಟಿ, ಎರಡು ಚಿಟಿಕೆ ಒಣ ಪುಡಿಯುಪ್ಪು. ಗಟ್ಟಿಯನ್ನು ಚಾಕುವಿನಿಂದ ಕಡಲೆ ಗಾತ್ರಕ್ಕೆ ತರಿದುಕೊಳ್ಳಬೇಕು. ಪಾತ್ರೆ, ಸೌಟು, ಕೈ ಎಲ್ಲವೂ ಒಣ.

ಶೇಂಗಾ ಕೆಳಗೆ, ಅದರ ಮೇಲೆ ಉಪ್ಪು, ಎಲ್ಲಕ್ಕಿಂತ ಮೇಲೆ ಚಾಕೊಲೇಟ್ ಚೂರು. ಈ ಕ್ರಮ ತಿರುವುಮುರುವಾಗಬಾರದು. ಬಿಸಿ ತಳ ಮತ್ತು ಬದಿಯಿಂದ ಬರುವುದರಿಂದ ಕಾಳಿನ ಪದರ ಅದನ್ನು ತಡೆದು, ಚಾಕೊಲೇಟಿಗೆ ಸೋಸಿ ಕೊಡುತ್ತದೆ. ಮುಚ್ಚಳದ ಕೆಳಗೆ ಒಂದು ಒಣ ಹತ್ತಿ ಬಟ್ಟೆ ಬಿಗಿದು, ಅದರ ತುದಿಗಳನ್ನು ಮೇಲಕ್ಕೆ ಮಡಿಸಿ ಮುಚ್ಚಬೇಕು. ‘ಲೋ’ದಲ್ಲಿ ಮುಕ್ಕಾಲು ತಾಸು ಮುಟ್ಟಬಾರದು. ಆಮೇಲೆ ಕಾಲು ತಾಸಿಗೊಮ್ಮೆ ಒಣ ಸೌಟಿನಿಂದ ತಳದಿಂದ ಮೇಲಕ್ಕೆ ತಿರುವಬೇಕು. ಒಟ್ಟು ಒಂದರಿಂದ ಒಂದೂವರೆ ತಾಸು. ಇನ್ನೂ ಅಲ್ಲಲ್ಲಿ ಚೂರು ಕಾಣುತ್ತಿರುವಾಗಲೇ ಸ್ವಿಚ್ ಆರಿಸಬೇಕು. ಪಾತ್ರೆಯ ಬಿಸಿ ಉಳಿದದ್ದನ್ನು ಕರಗಿಸುತ್ತದೆ. ಉಣ್ಣುವ ತುಪ್ಪದ ಬಿಸಿಗಿಂತ ಹೆಚ್ಚು ಬಿಸಿ ಬೇಡವೇ ಬೇಡ.

ಪರಾತದಲ್ಲಿ ಬಟರ್ ಪೇಪರ್ ಹಾಸಿ, ಚಹಾ ಚಮಚದಿಂದ ಎರಡು ಬೆರಳು ಅಂತರದಲ್ಲಿ ಇಡುತ್ತ ಹೋಗುವುದು. ಒಂದೊಂದು 15 ಗ್ರಾಂ ಆದರೆ ಎಪ್ಪತ್ತರ ಆಸುಪಾಸು ಬರುತ್ತವೆ. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬಹುದು. ಚಿಕ್ಕಿ ಪಾಕ ಮೈಮೇಲೆ ಬಿದ್ದರೆ ಸುಡುವಂತೆ ಇದು ಸುಡುವುದಿಲ್ಲ.

ಸೇರಿಸಲು ನಮ್ಮಲ್ಲಿ ಬೇಕಾದಷ್ಟಿದೆ: ಪುಟಾಣಿ, ಹುರಿದ ಎಳ್ಳು, ತುರಿದು ಬೆಚ್ಚಗೆ ಮಾಡಿದ ಒಣಕೊಬ್ಬರಿ, ವಿಜಯಪುರ–ಅಥಣಿ ಕಡೆಯ ಒಣದ್ರಾಕ್ಷಿ. ಚುರಮುರಿ ಹಾಕಿದರೆ ಹಗುರವಾಗಿ ಗರಗರ ಎನ್ನುತ್ತದೆ, ಆದರೆ ಕೊನೆಯ ಗಳಿಗೆಯಲ್ಲಿ ಹಾಕಬೇಕು.

ನೀರು ಮತ್ತು ಬೆಲ್ಲ

ಕರಗಿದ ಚಾಕೊಲೇಟಿಗೆ ಒಂದು ಚಮಚ ನೀರು ಬಿದ್ದರೆ ಕ್ಷಣದಲ್ಲಿ ಗಂಟುಗಂಟು ಮುದ್ದೆಯಾಗುತ್ತದೆ. ಸಕ್ಕರೆ ಮತ್ತು ಕೋಕೋದ ಒಣ ಕಣಗಳು ಕೊಬ್ಬಿನಲ್ಲಿ ತೇಲಾಡುತ್ತಿರುತ್ತವೆ. ನೀರಿನ ಹನಿ ಅವನ್ನು ಒದ್ದೆ ಮಾಡಿ ಒಂದಕ್ಕೊಂದು ಅಂಟಿಸುತ್ತದೆ. ಸ್ಲೋ ಕುಕರಿನಲ್ಲಿ ಅಪಾಯ ಬರುವುದು ಮುಚ್ಚಳದಿಂದ. ಅದರ ಒಳಮೈಯಲ್ಲಿ ಬೆವರಿದ ಹನಿ ಜಾರಿ ಬೀಳುತ್ತದೆ, ಬಟ್ಟೆ ಕಟ್ಟಲು ಹೇಳಿದ್ದು ಅದಕ್ಕೇ. ಮುದ್ದೆಯಾದದ್ದಕ್ಕೆ ಬಿಸಿ ಹಾಲನ್ನು ಧಾರಾಳವಾಗಿ ಹಾಕಿ ಕಲಸಿದರೆ ಮತ್ತೆ ನಯವಾಗುತ್ತದೆ. ಮಿಠಾಯಿ ಆಗದು, ಮಕ್ಕಳು ಚಪಾತಿಗೆ ಹಚ್ಚಿಕೊಳ್ಳಲು ಆದೀತು.

ಬೆಲ್ಲದ ನಾಡಿನಲ್ಲಿ ಸಕ್ಕರೆ ಬದಲು ಬೆಲ್ಲ ಹಾಕಿದರೇನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಗಾಣದ ಕೊಪ್ಪರಿಗೆಯಿಂದ ಇಳಿದ ಬೆಲ್ಲದಲ್ಲಿ ನೀರಿನಂಶ ಉಳಿದೇ ಇರುತ್ತದೆ, ಮಳೆಗಾಲದಲ್ಲಿ ಗಾಳಿಯ ತೇವವನ್ನೂ ಅದು ಎಳೆದುಕೊಳ್ಳುತ್ತದೆ. ಕುಟ್ಟಿ ನೇರವಾಗಿ ಹಾಕಿದರೆ ಚಾಕೊಲೇಟ್ ಮುದ್ದೆಗಟ್ಟುತ್ತದೆ. ಬೆಲ್ಲದ ರುಚಿ ಬೇಕೆಂದರೆ ದಾರಿ ಬೇರೆ: ಏರು ಪಾಕದಲ್ಲಿ ಗಟ್ಟಿ ಶೇಂಗಾ ಚಿಕ್ಕಿ ಮಾಡಿ, ಆರಿದ ಮೇಲೆ ಜಜ್ಜಿ, ಕಾಳಿನ ಕಾಲುಪಾಲು ಅದನ್ನು ಸೇರಿಸುವುದು. ಆ ಪಾಕದಲ್ಲಿ ನೀರು ಬಹಳ ಕಡಿಮೆ ಉಳಿದಿರುತ್ತದೆ. ಕಹಿಯ ಕಪ್ಪು ಚಾಕೊಲೇಟಿನಲ್ಲಿ ಬೆಲ್ಲದ ಚಿಕ್ಕಿ ಹಲ್ಲಿಗೆ ಸಿಕ್ಕಾಗ ಬರುವ ರುಚಿ ಹಾಲಿನ ಚಾಕೊಲೇಟಿನಲ್ಲಿಲ್ಲ.

ಹಾಲಿನ ಬಗೆ

ಡಬ್ಬಿಯ ಸಿಹಿ ಗಟ್ಟಿಹಾಲು ಸೇರಿಸಿದರೆ ಬರ್ಫಿಯಂತೆ ಕತ್ತರಿಸುವ ಮಿಠಾಯಿ. 400 ಗ್ರಾಂ ಹಾಲಿಗೆ 500 ಗ್ರಾಂ ಚಾಕೊಲೇಟ್. ಇಲ್ಲಿ ನೀರಿನಂಶ ಸಾಕಷ್ಟಿರುವುದರಿಂದ ಮುದ್ದೆಯಾಗುವ ಭಯವಿಲ್ಲ, ಮೊದಲು ಒಡೆದಂತೆ ಕಂಡರೂ ತಿರುವಿದಂತೆ ಕೂಡಿಕೊಳ್ಳುತ್ತದೆ. ಮನೆಯ ಹಾಲನ್ನೇ ಸ್ಲೋ ಕುಕರಿನಲ್ಲಿ ಕುಂದಾ ಮಾಡಲು ಹೋಗುವುದು ವ್ಯರ್ಥ. ಮುಚ್ಚಿದ ಪಾತ್ರೆಯಲ್ಲಿ ನೀರು ಆವಿಯಾಗಿ ಹೋಗಲು ದಾರಿಯಿಲ್ಲ. ಕುಂದಾಕ್ಕೆ ಅಗಲ ಬಾಯಿಯ ಕಬ್ಬಿಣದ ಬಾಣಲೆಯೇ ಆಗಬೇಕು.

ಕಾಲ, ಇಡುವಿಕೆ, ಮಾರಾಟ

ಏಪ್ರಿಲ್–ಮೇ ತಿಂಗಳಲ್ಲಿ ಸವದತ್ತಿ, ರಾಮದುರ್ಗದ ಮಧ್ಯಾಹ್ನ ಕೋಕೋ ಬೆಣ್ಣೆ ಕರಗುವ ಬಿಸಿಯನ್ನು ಸಲೀಸಾಗಿ ದಾಟುತ್ತದೆ. ಪಂಚಮಿಯ ಹೊತ್ತಿಗೆ ಗಾಳಿಯಲ್ಲಿ ತೇವ. ದೀಪಾವಳಿಯಿಂದ ಭಾರತ ಹುಣ್ಣಿಮೆವರೆಗಿನ ಚಳಿಗಾಲವೇ ಇದರ ಕಾಲ. ಆಗ ಫ್ರಿಜ್ಜಿನ ಹಂಗೂ ಇಲ್ಲ, ರಾತ್ರಿ ಮಾಡಿ ಅಡುಗೆಮನೆಯ ಮೂಲೆಯಲ್ಲಿಟ್ಟರೆ ಬೆಳಿಗ್ಗೆ ಕಾಗದದಿಂದ ತಾನೇ ಬಿಡುತ್ತದೆ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಮೈ ಬೆವರಿ, ಸಕ್ಕರೆ ಮೇಲೆದ್ದು ಒರಟಾಗುತ್ತದೆ. ಇಡಲೇಬೇಕೆಂದರೆ ಬಿಗಿ ಡಬ್ಬಿಯಲ್ಲಿಟ್ಟು, ಹೊರತೆಗೆದ ಮೇಲೆ ಡಬ್ಬಿಯ ತಣುಪು ಪೂರ್ತಿ ಹೋಗುವವರೆಗೆ ಮುಚ್ಚಳ ತೆಗೆಯಬಾರದು.

ಉಂಡಿಯಷ್ಟು ದಿನ ಇದು ತಾಳಲಾರದು. ಶೇಂಗಾದ ಎಣ್ಣೆ ಮೆಲ್ಲಗೆ ಚಾಕೊಲೇಟಿಗೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ, ಮುಂದೆ ಕಮಟು ವಾಸನೆ ಬರುತ್ತದೆ. ಮೂರು ವಾರದೊಳಗೆ ತಿಂದು ಮುಗಿಸುವುದು ಲೇಸು. ನಾಯಿಗೆ ಒಂದು ಚೂರೂ ಹಾಕಬಾರದು. ಕೋಕೋದಲ್ಲಿರುವ ಥಿಯೊಬ್ರೊಮಿನ್ ಮನುಷ್ಯರಿಗೆ ಸಲೀಸಾಗಿ ಅರಗುತ್ತದೆ, ನಾಯಿಗೆ ವಿಷ. ಮನೆಕಾವಲಿಗೆ ಮುಧೋಳ ನಾಯಿ ಕಟ್ಟಿಕೊಂಡವರು ಇದನ್ನು ಮಕ್ಕಳಿಗೆ ಹೇಳಿಡಬೇಕು.

ಮಹಿಳಾ ಸಂಘದವರು ಇದನ್ನು ಮಾಡಿ ಮಾರುವುದಾದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಮೊದಲು ನೋಂದಣಿ ಮಾಡಿಸಬೇಕು. ಲಕೋಟೆಯ ಮೇಲೆ ಪದಾರ್ಥಗಳ ಸಾಲು, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ತೂಕ, ಬೆಲೆ ಇರಬೇಕು. ಶೇಂಗಾ ಇದೆ ಎಂಬುದನ್ನು ಎದ್ದು ಕಾಣುವಂತೆ ಬರೆಯಬೇಕು, ಅದು ಮೈಗೆ ಒಗ್ಗದವರಿಗೆ ಒಂದು ಕಾಳೂ ಪ್ರಾಣಕ್ಕೆ ಬರಬಹುದು. ಕಾಂಪೌಂಡಿನಲ್ಲಿ ಮಾಡಿದ್ದರೆ ಹಾಗೆಂದೇ ಬರೆಯುವುದು ನ್ಯಾಯ.